ಕಲ್ಲಿಗೆ ಅನುದಾನ ಇದೆ, ಕಾಯುವವನಿಗೆ ಇಲ್ಲ

“ಕೆಂಗೇರಿ ಉಪನಗರದಲ್ಲಿ ಕೂತ್ಕೊಂಡು ಕಡಲಿನ ಬಗ್ಗೆ ಬರೀತೀಯಾ?” ಅಂತ ಆಫೀಸಿನಲ್ಲಿ ನಕ್ಕರು. ನಗೋದು ಸಹಜವೇ. ನಮ್ಮ ಕಡೆ ಇರುವ ದೊಡ್ಡ ನೀರು ಅಂದರೆ ವೃಷಭಾವತಿ, ಅದನ್ನು ನೀರು ಅನ್ನೋದಕ್ಕೂ ಸ್ವಲ್ಪ ಧೈರ್ಯ ಬೇಕು. ಆದರೆ ಒಂದು ಲೆಕ್ಕ ನೋಡಿ. ಕೆಂಗೇರಿ ಬಸ್ ಟರ್ಮಿನಲ್ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಎಲ್ಲೂ ಗಾಡಿ ಬದಲಿಸದೆ ವಿಧಾನಸೌಧದ ಮುಂದೆ ಇಳಿಯಬಹುದು. ನಮ್ಮ ಕಡಲತೀರದಲ್ಲಿ ಎಲ್ಲಿ ಏನು ಕಟ್ಟಬಹುದು, ಎಲ್ಲಿ ಕಟ್ಟಬಾರದು ಅಂತ ಹೇಳುವ ಕರ್ನಾಟಕ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ಇರುವುದು ಬೆಂಗಳೂರಿನಲ್ಲಿ. ಹಣ ಬಿಡುಗಡೆ ಮಾಡುವ ಇಲಾಖೆಗಳು ಇರುವುದೂ ಇಲ್ಲೇ. ಉಳ್ಳಾಲದ ಮೀನುಗಾರನೊಬ್ಬ ಅದೇ ಕಚೇರಿಗೆ ಬರಬೇಕಾದರೆ ರಾತ್ರಿ ಬಸ್ಸು ಹತ್ತಬೇಕು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯದೇ ಇದ್ದರೆ ಸುಮಾರು 350 ಕಿ.ಮೀ. ದಾಟಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದುಕೊಂಡು ಫೈಲು ಹುಡುಕಬೇಕು. ಹಾಗಾಗಿ ಕರ್ನಾಟಕದ ಕಡಲಿಗೆ ಆ ಮೀನುಗಾರನಿಗಿಂತ ನಾನೇ ಹತ್ತಿರದವನು. ಇದು ತಮಾಷೆಯಾಗಿ ಕೇಳಿಸಬಹುದು. ಈ ಲೇಖನದಲ್ಲಿ ಹೇಳಬೇಕಿರೋದು ಮಾತ್ರ ಹೆಚ್ಚೂಕಮ್ಮಿ ಇಷ್ಟೇ.

ಇದನ್ನು ಬರೆಯೋಕೆ ಕಾರಣ ಒಂದು ನೋಟ್‌ಬುಕ್.

ನನ್ನ ಜೊತೆ ಸಿವಿಲ್ ಎಂಜಿನಿಯರಿಂಗ್ ಓದಿದ ಗೆಳೆಯನೊಬ್ಬ ಕುಂದಾಪುರದ ಕಡೆಯವನು. ಹೆಸರು ಬೇಡ ಅಂದಿದ್ದಾನೆ. ನಾನು ಡಿಗ್ರಿ ಮುಗಿಸಿ ಎರಡು ವರ್ಷ ಸೈಟು ಸುತ್ತಿ, ಆಮೇಲೆ ಪತ್ರಿಕೋದ್ಯಮಕ್ಕೆ ಬಂದೆ. ಅವನು ಊರಿಗೆ ಹೋಗಿ ಕಡಲತೀರಕ್ಕೆ ಸಂಬಂಧಿಸಿದ ಒಂದು ಸರ್ಕಾರಿ ಯೋಜನೆಯಲ್ಲಿ ಗುತ್ತಿಗೆ ನೌಕರನಾಗಿ ಸೇರಿಕೊಂಡ. ಮೀನುಗಾರರ ಮನೆಗಳಿಗೆ ಹೋಗಿ ಸಭೆಗೆ ಕರೆಯೋದು, ಸಹಿ ಹಾಕಿಸೋದು, ಫೋಟೊ ತೆಗೆದು ಮೇಲಕ್ಕೆ ಕಳಿಸೋದು ಅವನ ಕೆಲಸ. ಅದರ ಜೊತೆಗೆ ಯಾರೂ ಹೇಳದೇ ಇದ್ದ ಇನ್ನೊಂದು ಕೆಲಸ ಮಾಡ್ತಿದ್ದ. ಪ್ರತಿ ತಿಂಗಳು ಅಮಾವಾಸ್ಯೆಯ ಮರುದಿನ, ಗೊತ್ತುಮಾಡಿಕೊಂಡ ಏಳು ತೆಂಗಿನಮರಗಳಿಂದ ನೀರಿನ ಗೆರೆಯವರೆಗೆ ಟೇಪು ಹಿಡಿದು ಅಳೆಯೋದು, ಗಂಟೆ ಸಮೇತ ಬರೆದಿಡೋದು. ಮೂರು ವರ್ಷ ಬರೆದ. ಮೂರನೇ ವರ್ಷದ ಕೊನೆಗೆ ಪಟ್ಟಿಯಲ್ಲಿ ಐದೇ ಮರ ಉಳಿದಿದ್ದವು.

ಯೋಜನೆಯ ಅವಧಿ ಮುಗಿಯಿತು, ಗುತ್ತಿಗೆಯೂ ಮುಗಿಯಿತು. ಈಗ ಅವನು ಮೈಸೂರು ರಸ್ತೆಯ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಕಾಂಕ್ರೀಟ್ ಕ್ಯೂಬ್ ಟೆಸ್ಟ್ ನೋಡಿಕೊಳ್ತಾನೆ. ಇರುವುದು ನನ್ನ ಮನೆಯಿಂದ ಎರಡು ಕ್ರಾಸ್ ಆಚೆಯ ಪಿಜಿಯಲ್ಲಿ. ಬಿಟ್ಟು ಬರುವಾಗ ನೋಟ್‌ಬುಕ್ ಕೊಡೋಕೆ ಹೋದನಂತೆ. ಯೋಜನಾ ಕಚೇರಿಯವರು “ಇದು ನಮ್ಮ ಫಾರ್ಮ್ಯಾಟಲ್ಲಿ ಇಲ್ಲ” ಅಂದರು. ಪಂಚಾಯಿತಿಯವರು “ಇದು ನಮಗೆ ಬರೋ ವಿಷಯ ಅಲ್ಲ” ಅಂದರು. ಕೆಂಗೇರಿಯ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಇದನ್ನು ಹೇಳುವಾಗ ಅವನಿಗೆ ಸಿಟ್ಟೇನೂ ಇರಲಿಲ್ಲ. “ಎಂತ ಮಾಡೂದ್ ಮರಾಯ, ಕಡಲ್ ಮೀಟಿಂಗಿಗ್ ಬತ್ತಿಲ್ಲೆ” ಅಂದ.

ಒಂದು ಊರಿನ ಕಡಲತೀರವನ್ನು ನೋಡಿಕೊಳ್ಳಲು ಸರ್ಕಾರ ಹಣ ಕೊಡುತ್ತೆ ಅಂತಾದರೆ, ಆ ಹಣ ಮೊದಲು ಯಾವುದಕ್ಕೆ ಹೋಗಬೇಕು? ನನ್ನ ಗೆಳೆಯ ಸಂಬಳವಿಲ್ಲದೆ ಮಾಡುತ್ತಿದ್ದ ಆ ಕೆಲಸಕ್ಕೆ ಹೋಗಬೇಕು ಅನ್ನುವುದು ನನ್ನ ವಾದ.

ಮರಳಿಗೂ ಒಂದು ಲೆಕ್ಕ ಇದೆ

ಎಂಜಿನಿಯರಿಂಗ್ ಓದಿದ್ದರಿಂದ ಆದ ಒಂದು ಉಪಯೋಗ ಅಂದರೆ, ಕಡಲ್ಕೊರೆತದ ವಿಡಿಯೊ ನೋಡಿದಾಗ ಅಲೆಗಿಂತ ಮೊದಲು ಮರಳಿನ ಕಡೆ ಕಣ್ಣು ಹೋಗುತ್ತೆ. ಪ್ರತಿ ಜೂನ್-ಜುಲೈನಲ್ಲಿ ಟಿವಿಯವರು ತೋರಿಸೋದು ಬೀಳುವ ಮನೆಯನ್ನು. ಆದರೆ ಮುಂಗಾರಿನ ಅಲೆ ತೀರದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ಆಚೆ ನೀರಿನಡಿ ದಿಬ್ಬದ ಹಾಗೆ ಗುಡ್ಡೆ ಹಾಕುತ್ತೆ. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಅದೇ ಮರಳನ್ನು ಸಣ್ಣ ಅಲೆಗಳು ಒಂದೊಂದೇ ಹಿಡಿಯಾಗಿ ವಾಪಸ್ ತರುತ್ತವೆ. ಇದು ವರ್ಷದ ಚಕ್ರ. ಇದರ ಜೊತೆಗೆ ತೀರದ ಉದ್ದಕ್ಕೂ ಮರಳು ಸಾಗುತ್ತಿರುತ್ತೆ. ಆ ಸಾಗಾಟಕ್ಕೆ ಅಡ್ಡ ಏನಾದರೂ ಕಟ್ಟಿದರೆ ಒಂದು ಮಗ್ಗುಲಲ್ಲಿ ಮರಳು ತುಂಬುತ್ತೆ, ಮತ್ತೊಂದು ಮಗ್ಗುಲಲ್ಲಿ ಖಾಲಿಯಾಗುತ್ತೆ. ಇನ್ನು ನದಿಗಳು ತರುವ ಹೊಸ ಮರಳು. ಅಣೆಕಟ್ಟು, ಕಿಂಡಿ ಅಣೆಕಟ್ಟು, ಮರಳು ಲಾರಿ ಇವೆಲ್ಲ ದಾಟಿ ಎಷ್ಟು ಬಂತೋ ಅಷ್ಟು.

ಹಾಗಾಗಿ ಜುಲೈನಲ್ಲಿ ಒಂದು ದಿನ ಬಂದು ನೋಡಿದ ಎಂಜಿನಿಯರಿಗೆ ಕಾಣೋದು ಚಕ್ರದ ಅರ್ಧ ಭಾಗ ಮಾತ್ರ. ಈ ತೀರ ನಿಜಕ್ಕೂ ಹಿಂದೆ ಸರಿಯುತ್ತಿದೆಯಾ, ಅಥವಾ ನವೆಂಬರ್‌ನಲ್ಲಿ ತಾನಾಗೇ ತುಂಬಿಕೊಳ್ಳುತ್ತಾ ಅಂತ ಹೇಳಬೇಕಾದರೆ ಹನ್ನೆರಡೂ ತಿಂಗಳು, ಅದೂ ಹಲವು ವರ್ಷ, ಅದೇ ಜಾಗದಲ್ಲಿ ಅಳೆದಿರಬೇಕು. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ದೇಶದ ತೀರವನ್ನೆಲ್ಲ ಅಳೆದಿದೆ. ಕರ್ನಾಟಕದ ಸುಮಾರು 313 ಕಿ.ಮೀ. ತೀರದಲ್ಲಿ 74 ಕಿ.ಮೀ.ಗೂ ಹೆಚ್ಚು, ಅಂದರೆ ಶೇ 23.7ರಷ್ಟು ಕೊರೆತಕ್ಕೆ ಒಳಗಾಗಿದೆ ಅಂತ ಅದರ ಲೆಕ್ಕ. ದೇಶದ ಸರಾಸರಿ ಶೇ 33.6. ಕೇರಳದ್ದು ಶೇ 46 ದಾಟುತ್ತೆ. ನಾವು ಪರವಾಗಿಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ಆ 74 ಕಿ.ಮೀ. ಒಂದೇ ಕಡೆ ಇಲ್ಲ. ತುಂಡು ತುಂಡಾಗಿ ಮೂರೂ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಯಾವ ತುಂಡು ಈ ವರ್ಷ ಯಾವ ಕಡೆ ಬೆಳೆಯುತ್ತೆ ಅನ್ನೋದನ್ನು ಉಪಗ್ರಹಕ್ಕಿಂತ ಮೊದಲು ಹೇಳಬಲ್ಲವರು ದಿನಾ ದೋಣಿ ಎಳೆಯುವವರು.

ಉಳ್ಳಾಲದ ಕತೆ ಗೊತ್ತಿರಬೇಕು. ನೇತ್ರಾವತಿ-ಗುರುಪುರ ನದಿಗಳು ಕಡಲು ಸೇರುವ ಅಳಿವೆಯಲ್ಲಿ ದೋಣಿಗಳ ಓಡಾಟಕ್ಕೆ ಅನುಕೂಲವಾಗಲಿ ಅಂತ ಎರಡು ಬ್ರೇಕ್‌ವಾಟರ್ ಕಟ್ಟಿದರು. ಬಂದರಿಗೆ ಅದು ಬೇಕಿತ್ತು, ಅದರಲ್ಲಿ ತಪ್ಪು ಹುಡುಕಲ್ಲ. ಆಮೇಲೆ ಬೆಂಗ್ರೆಯ ಕಡೆ ಮರಳು ತುಂಬುತ್ತಾ ಹೋಯಿತು. ಉಳ್ಳಾಲದ ಕಡೆ ಕೊರೆತ ಜೋರಾಯಿತು. ಅದನ್ನು ತಡೆಯೋಕೆ ವರ್ಷಾವರ್ಷ ಕಲ್ಲು ಸುರಿದರು. ಕಲ್ಲಿನ ಗೋಡೆಗೆ ಬಡಿದ ಅಲೆ ಬುಡದ ಮರಳನ್ನೇ ಕೆದಕಿ ಒಯ್ಯುವುದರಿಂದ ಗೋಡೆ ಕುಸಿಯುತ್ತೆ, ಮತ್ತೆ ಕಲ್ಲು ಬರುತ್ತೆ. ಕೊನೆಗೆ 2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಕರ್ನಾಟಕ ಮತ್ತು ಮಹಾರಾಷ್ಟ್ರದ ತೀರಗಳಿಗಾಗಿ 250 ಮಿಲಿಯನ್ ಡಾಲರ್‌ವರೆಗಿನ ಕಾರ್ಯಕ್ರಮಕ್ಕೆ ಒಪ್ಪಿತು. ಅದರಲ್ಲಿ ಉಳ್ಳಾಲಕ್ಕೆ ಕಡಲೊಳಗೆ ಕೃತಕ ದಿಬ್ಬಗಳು ಬಂದವು. ಅಲೆ ದಡಕ್ಕೆ ಬರುವ ಮೊದಲೇ ಅದರ ರಭಸ ಮುರಿಯಲಿ ಅನ್ನುವುದು ಲೆಕ್ಕಾಚಾರ. ಎರಡನೇ ಕಂತಿನಲ್ಲಿ ಕರ್ನಾಟಕಕ್ಕೆ 65.5 ಮಿಲಿಯನ್ ಡಾಲರ್ ಸಾಲ ಬಂತು. ಮರವಂತೆಯಲ್ಲಿ ಹೆದ್ದಾರಿ ಉಳಿಸಲು ಕಡಲಿಗೆ ಚಾಚಿದ ಗ್ರೋಯ್ನ್‌ಗಳ ಸಾಲೇ ಎದ್ದು ನಿಂತಿತು.

ಎಂಜಿನಿಯರನಾಗಿ ನನಗೆ ಈ ಕೆಲಸಗಳ ಬಗ್ಗೆ ಗೌರವ ಇದೆ. ಬರೀ ಕಲ್ಲು ಸುರಿಯುವುದಕ್ಕಿಂತ ಇವು ಎಷ್ಟೋ ಮೇಲು. ನನ್ನ ತಕರಾರು ಬೇರೆ. ಕಡಲೊಳಗಿನ ದಿಬ್ಬದ ಕಲ್ಲು ಹತ್ತು ವರ್ಷದಲ್ಲಿ ಎಷ್ಟು ಕೂತಿದೆ, ಅದರ ದಕ್ಷಿಣಕ್ಕೆ ಇರುವ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯ ಕಡೆ ಏನಾಗ್ತಿದೆ ಅಂತ ಪ್ರತಿ ತಿಂಗಳು ಅಳೆದು ಬರೆಯುವ ಊರಿನ ಮನುಷ್ಯ ಯಾರು? ಬಟ್ಟಪ್ಪಾಡಿಯಲ್ಲಿ ರಸ್ತೆಯನ್ನೇ ಕಡಲು ನುಂಗಿದ್ದು ಈಚಿನ ವರ್ಷಗಳ ಸುದ್ದಿ. ಆಗಲೂ ಮಂತ್ರಿಗಳು ಬಂದರು, ಶಾಸಕರು ಬಂದರು, ತುರ್ತು ಕಾಮಗಾರಿಗೆ ಕಲ್ಲು ಬಂತು.

ಮಾರ್ಚ್ ಮತ್ತು ಜೂನ್

ಹಣ ಹೇಗೆ ಬರುತ್ತೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯುವಕರು ರಾಜಕೀಯ ಮಾತಾಡುವಾಗ ಬಜೆಟ್ಟಿನ ದೊಡ್ಡ ಅಂಕಿ ಹಿಡಿದುಕೊಂಡು ಜಗಳ ಆಡ್ತೀವಿ. ಆ ಅಂಕಿ ಕೆಳಗೆ ಇಳಿಯುವ ಮೆಟ್ಟಿಲುಗಳನ್ನು ಯಾರೂ ನೋಡಲ್ಲ.

ಕಡಲತೀರದ ಕೆಲಸ ಅಂದರೆ ಮೊದಲು ವಿವರವಾದ ಯೋಜನಾ ವರದಿ ಆಗಬೇಕು. ಅದಕ್ಕೆ ಸಲಹಾ ಸಂಸ್ಥೆ ಬೇಕು. ಆಮೇಲೆ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಅನುಮೋದನೆ, ಸಿಆರ್‌ಝಡ್ ಒಪ್ಪಿಗೆ, ಟೆಂಡರ್. ಹಣಕಾಸು ವರ್ಷ ಮುಗಿಯೋದು ಮಾರ್ಚ್ 31ಕ್ಕೆ. ಖರ್ಚಾಗದ ಹಣ ವಾಪಸ್ ಹೋಗುತ್ತೆ, ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಕಂತು ಬರಲ್ಲ. ಕಡಲು ಕೆರಳೋದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೂ ನಿಷೇಧ, ದುಡಿಮೆ ಇಲ್ಲದೆ ಜನ ಮನೆಯಲ್ಲೇ ಇರ್ತಾರೆ. ಮನೆ ಬಾಗಿಲಿಗೆ ನೀರು ಬಂದಾಗ ಮಾಡುವ ಕೆಲಸಕ್ಕೆ ತುರ್ತು ಅಂತ ಹೆಸರು. ತುರ್ತಿನಲ್ಲಿ ಸುರಿದ ಕಲ್ಲು ಎಷ್ಟು ಲೋಡು, ಎಷ್ಟು ಕಡಲಿಗೆ ಹೋಯ್ತು, ಎಷ್ಟು ಬಿಲ್ಲಿಗೆ ಹೋಯ್ತು ಅಂತ ಅಲೆಯನ್ನು ಕೇಳಬೇಕು.

ಹಾಗಂತ ಕಡಲ್ಕೊರೆತಕ್ಕೆ ವಿಪತ್ತು ನಿಧಿಯ ಬಾಗಿಲೂ ಪೂರ್ತಿ ತೆರೆದಿಲ್ಲ. ಕೇಂದ್ರ ಸರ್ಕಾರ ಅಧಿಸೂಚಿಸಿರುವ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ ಇದೆ, ಸುನಾಮಿ ಇದೆ, ಬೆಳೆಗೆ ಬೀಳುವ ಕೀಟಬಾಧೆ ಕೂಡ ಇದೆ. ಕಡಲ್ಕೊರೆತ ಇಲ್ಲ. ನಿಧಾನಕ್ಕೆ ಬರುವ ವಿಪತ್ತು ನಮ್ಮ ಕಾನೂನಿನ ಕಣ್ಣಿಗೆ ವಿಪತ್ತಾಗಿ ಕಾಣಲ್ಲ. 15ನೇ ಹಣಕಾಸು ಆಯೋಗ ಇದನ್ನು ಗುರುತಿಸಿ, 2021-26ರ ಅವಧಿಗೆ ಕೊರೆತ ತಡೆಯೋಕೆ 1,500 ಕೋಟಿ ರೂಪಾಯಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಅಂತ ರಾಷ್ಟ್ರೀಯ ನಿಧಿಗಳಲ್ಲಿ ಪ್ರತ್ಯೇಕವಾಗಿ ಎತ್ತಿಡಲು ಶಿಫಾರಸು ಮಾಡಿತು. ಒಳ್ಳೆಯದೇ. ಆದರೆ ಅದು ಇಡೀ ದೇಶದ ಕಡಲಿಗೂ ನದಿಗಳಿಗೂ ಸೇರಿ.

ಅದೇ ಆಯೋಗ ಅದೇ ಅವಧಿಗೆ ಗ್ರಾಮ ಪಂಚಾಯಿತಿಗಳಿಗೂ ಅನುದಾನ ಶಿಫಾರಸು ಮಾಡಿತು. ಅದರಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ ಹಣ. ಉಳಿದ ಶೇ 40ನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಿತ್ತು, ಆದರೆ ಒಂದು ಷರತ್ತು: ಸಂಬಳಕ್ಕೆ, ಕಚೇರಿ ವೆಚ್ಚಕ್ಕೆ ಬಳಸುವ ಹಾಗಿರಲಿಲ್ಲ. ಓದುವಾಗ ಇದು ಸರಿ ಅನಿಸುತ್ತೆ. ಇಲ್ಲದಿದ್ದರೆ ಹಣವೆಲ್ಲ ಸಂಬಳಕ್ಕೇ ಹೋಗಿಬಿಡುತ್ತೆ ಅನ್ನುವ ಭಯ. ಆದರೆ ಇದರ ಪರಿಣಾಮ ನೋಡಿ. ಕಡಲಂಚಿನ ಒಂದು ಪಂಚಾಯಿತಿ ಈ ಹಣದಲ್ಲಿ ಬೀಚಿಗೆ ಸಿಮೆಂಟ್ ಬೆಂಚು ಹಾಕಿಸಬಹುದಿತ್ತು. ತೀರ ಅಳೆಯುವ, ಕಸ ಎಲ್ಲಿಂದ ಬರ್ತಿದೆ ಅಂತ ಹುಡುಕುವ, ಮರಳಿನ ದಿಬ್ಬದ ಮೇಲೆ ಜೆಸಿಬಿ ಹತ್ತಿದ ದಿನವೇ ತಹಸೀಲ್ದಾರರಿಗೆ ಪತ್ರ ಬರೆಯುವ ಒಬ್ಬ ಹುಡುಗಿಗೆ ತಿಂಗಳ ಸಂಬಳ ಕೊಡೋಕೆ ಆಗ್ತಿರಲಿಲ್ಲ. ಕಡಲತೀರ ನಿರ್ವಹಣೆ ಅನ್ನುವ ಮಾತಿನಲ್ಲಿ ನಿರ್ವಹಣೆ ಅನ್ನೋದು ಪೂರ್ತಿ ಸಂಬಳದ ಕೆಲಸ.

ಈ ಸಂಬಳದ ಪ್ರಶ್ನೆಗೆ ಉತ್ತರ ಕಂಡುಕೊಂಡ ಒಂದು ಉದಾಹರಣೆ ನಮ್ಮಲ್ಲೇ ಇದೆ. 2020ರ ಅಕ್ಟೋಬರ್‌ನಲ್ಲಿ ದೇಶದ ಎಂಟು ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದರಲ್ಲಿ ಎರಡು ನಮ್ಮವು, ಹೊನ್ನಾವರದ ಕಾಸರಕೋಡು ಮತ್ತು ಉಡುಪಿಯ ಪಡುಬಿದ್ರಿ. ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವ ಈ ಬಾವುಟಕ್ಕೆ 33 ಷರತ್ತುಗಳಿವೆ. ನೀರಿನ ಪರೀಕ್ಷೆ ಆಗ್ತಿರಬೇಕು, ಜೀವರಕ್ಷಕರು ಇರಬೇಕು, ಶೌಚಾಲಯ ಸರಿ ಇರಬೇಕು, ಕಸ ಬೇರ್ಪಡಿಸಬೇಕು. ಮುಖ್ಯವಾದ ವಿಷಯ ಅಂದರೆ ಮಾನ್ಯತೆಯನ್ನು ಪ್ರತಿ ವರ್ಷ ನವೀಕರಿಸಬೇಕು, ನಡೆಸದಿದ್ದರೆ ಬಾವುಟ ಇಳಿಯುತ್ತೆ. ಇದು ಕಟ್ಟಿ ರಿಬ್ಬನ್ ಕತ್ತರಿಸಿ ಮರೆಯುವಂಥದ್ದಲ್ಲ ಅನ್ನುವ ಕಾರಣಕ್ಕೇ ಅಲ್ಲಿ ದಿನಾ ಕೆಲಸ ಮಾಡುವ ಜನ ಇದ್ದಾರೆ. ಕೇಂದ್ರ ಪರಿಸರ ಸಚಿವಾಲಯ ಇದಕ್ಕಾಗಿ ಹಣ ಹಾಕಿತು ಅನ್ನೋದನ್ನು ಒಪ್ಪಲೇಬೇಕು.

ಆದರೆ ಅದು ಪ್ರವಾಸಿಗರ ಬೀಚು. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಒಣಮೀನು ಹರಡುವ ಜಾಗ, ಕಡಲಾಮೆ ಮೊಟ್ಟೆ ಇಡುವ ಮರಳು, ಮನೆಗಳು ಎಲ್ಲ ಆ ರಸ್ತೆಗೆ ಅಡ್ಡ. ಒಂದೇ ಊರು. ಒಂದು ತುದಿಯಲ್ಲಿ ನೀಲಿ ಬಾವುಟ, ಇನ್ನೊಂದು ತುದಿಯಲ್ಲಿ ಪೊಲೀಸ್ ವ್ಯಾನು. ಈ ಊರಿನ ತೀರ ಹೇಗಿರಬೇಕು ಅಂತ ಆ ಊರಿನವರನ್ನೇ ಕೂರಿಸಿ ಕೇಳುವ, ಅವರು ಹೇಳಿದ್ದಕ್ಕೆ ಕಾನೂನಿನ ತೂಕ ಇರುವ ಒಂದು ಜಾಗವೇ ನಮ್ಮ ವ್ಯವಸ್ಥೆಯಲ್ಲಿ ಇಲ್ಲ.

ಇಲ್ಲವೇ ಇಲ್ಲ ಅನ್ನೋದು ತಪ್ಪಾಗುತ್ತೆ. ಮೊದಲ ಸಿಆರ್‌ಝಡ್ ಅಧಿಸೂಚನೆ ಬಂದಿದ್ದು 1991ರ ಫೆಬ್ರುವರಿಯಲ್ಲಿ. 2011ರಲ್ಲಿ ಅದನ್ನು ಬದಲಿಸಿದಾಗ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಇರಬೇಕು, ಅದರಲ್ಲಿ ಮೀನುಗಾರರೂ ಸೇರಿದ ಸಾಂಪ್ರದಾಯಿಕ ಕರಾವಳಿ ಸಮುದಾಯದ ಕನಿಷ್ಠ ಮೂವರು ಇರಬೇಕು ಅಂತ ಬರೆದರು. 2019ರಲ್ಲಿ ಮತ್ತೆ ಬದಲಿಸಿದಾಗಲೂ ಇದು ಉಳಿಯಿತು. ಆದರೆ ಆ ಮೂವರನ್ನು ಊರಿನವರು ಆರಿಸಲ್ಲ, ಸರ್ಕಾರ ನೇಮಿಸುತ್ತೆ. ಸಮಿತಿಯ ಕೈಯಲ್ಲಿ ಖರ್ಚು ಮಾಡೋಕೆ ತನ್ನದೇ ಹಣ ಇಲ್ಲ. ಅದರ ಕೆಲಸ ಪ್ರಾಧಿಕಾರಕ್ಕೆ ನೆರವಾಗುವುದು, ಊರಿನ ತೀರಕ್ಕೆ ಯೋಜನೆ ಮಾಡುವುದು ಅಲ್ಲ.

ಹೊರಗಿನ ಒಂದು ಉದಾಹರಣೆ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ವ್ಯವಸ್ಥೆ ಓದುವಾಗ ನನಗೆ ಹೊಟ್ಟೆಕಿಚ್ಚಾಯಿತು. ಅಲ್ಲಿ 1972ರಲ್ಲಿ ಬಂದ ಒಕ್ಕೂಟ ಸರ್ಕಾರದ ಕಾಯ್ದೆಯೊಂದು, ಕರಾವಳಿ ನಿರ್ವಹಣೆಗೆ ಕಾರ್ಯಕ್ರಮ ಮಾಡಿಕೊಂಡ ರಾಜ್ಯಗಳಿಗೆ ವರ್ಷಾವರ್ಷ ಅನುದಾನ ಕೊಡುತ್ತೆ, ರಾಜ್ಯವೂ ತನ್ನ ಪಾಲು ಹಾಕಬೇಕು. ಆ ಹಣದಲ್ಲಿ ಕಾರ್ಯಕ್ರಮ ನಡೆಸುವ ಸಿಬ್ಬಂದಿಗೆ ಸಂಬಳ ಕೊಡಬಹುದು. ನಾರ್ತ್ ಕೆರೊಲಿನಾ 1974ರಲ್ಲಿ ತನ್ನದೇ ಕಾಯ್ದೆ ಮಾಡಿ ಕಡಲಂಚಿನ 20 ಕೌಂಟಿಗಳನ್ನು ಅದರಡಿ ತಂದಿತು. ಪ್ರತಿ ಕೌಂಟಿಯೂ ತನ್ನ ಭೂಬಳಕೆಯ ಯೋಜನೆ ಮಾಡಿಕೊಳ್ಳಬೇಕು, ಅದಕ್ಕೆ ರಾಜ್ಯ ಅನುದಾನ ಕೊಡುತ್ತೆ. ಸಣ್ಣಪುಟ್ಟ ಪರವಾನಗಿಗಳನ್ನು ಕೊಡೋದು ಸ್ಥಳೀಯ ಆಡಳಿತದ ಅಧಿಕಾರಿ. ಮನೆ ರಿಪೇರಿ ಮಾಡಿಸಬೇಕಾದವನು ರಾಜಧಾನಿಗೆ ಬಸ್ಸು ಹತ್ತಬೇಕಿಲ್ಲ.

ಇನ್ನೊಂದು ವಿಷಯ: ತೆರೆದ ಕಡಲಿಗೆ ಮುಖಮಾಡಿದ ತೀರದಲ್ಲಿ ಗೋಡೆ ಕಟ್ಟೋದನ್ನೇ ಆ ರಾಜ್ಯ 1980ರ ದಶಕದಿಂದ ನಿಷೇಧಿಸಿದೆ. ಗೋಡೆ ಕಟ್ಟಿದರೆ ಮುಂದಿನ ಮರಳು ಹೋಗುತ್ತೆ, ಪಕ್ಕದವನ ತೀರ ಹೋಗುತ್ತೆ ಅನ್ನುವ ಕಾರಣಕ್ಕೆ. ಅಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. ರೊಡಾಂತೆ ಅನ್ನುವ ಊರಿನಲ್ಲಿ ಕಡಲಂಚಿನ ಮನೆಗಳು ಒಂದೊಂದಾಗಿ ನೀರಿಗೆ ಬೀಳುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಅವೆಲ್ಲ ಹೆಚ್ಚಾಗಿ ರಜೆಯ ಮನೆಗಳು, ವಿಮೆ ಇರುವವರದು. ನಮ್ಮಲ್ಲಿ ಬೀಳೋದು ಒಂದೇ ಒಂದು ಮನೆ ಇರುವವನದು. ಹಾಗಾಗಿ ಗೋಡೆ ಬೇಡ ಅಂತ ನಾನು ಇಲ್ಲಿಂದ ಬರೆದುಬಿಟ್ಟರೆ ಅದು ಅಹಂಕಾರ. ಅಳಿವೆ ಇರುವ ಕಡೆ, ಹೆದ್ದಾರಿ ಇರುವ ಕಡೆ, ಹಿಂದೆ ಸರಿಯೋಕೆ ಒಂದಿಂಚೂ ಜಾಗ ಇಲ್ಲದ ಕಡೆ ಕಲ್ಲು ಬೇಕಾಗುತ್ತೆ. ಪಕ್ಕದ ಕೇರಳ ‘ಪುನರ್ಗೇಹಂ’ ಯೋಜನೆಯಲ್ಲಿ ಕಡಲಿನಿಂದ 50 ಮೀಟರ್ ಒಳಗಿನ ಮನೆಯವರಿಗೆ ತಲಾ 10 ಲಕ್ಷ ಕೊಟ್ಟು ಹಿಂದೆ ಸರಿಸಲು ಹೊರಟಿತು. ಆ ದುಡ್ಡಿಗೆ ಕಡಲ ಹತ್ತಿರ ಜಾಗ ಸಿಗಲ್ಲ, ದೂರ ಹೋದರೆ ದೋಣಿ ಯಾರು ನೋಡ್ತಾರೆ ಅನ್ನೋದು ಅಲ್ಲಿನವರ ಪ್ರಶ್ನೆ.

ನಾರ್ತ್ ಕೆರೊಲಿನಾದಿಂದ ಕಲಿಯಬೇಕಾದ್ದು ಇಷ್ಟು ಅಂತ ನನಗೆ ಅನಿಸುತ್ತೆ: ಅಲ್ಲಿ ಅನುದಾನ ಬರೋದು ಯೋಜನೆಗೆ ಅಲ್ಲ, ಕಚೇರಿಗೆ. ಆ ಕಚೇರಿ ಐದು ವರ್ಷದ ನಂತರವೂ ಇರುತ್ತೆ.

ನಮ್ಮಲ್ಲಿ ಈಗ ಬರ್ತಿರೋ ದೊಡ್ಡ ಹಣ ಅಂದರೆ ವಿಶ್ವಬ್ಯಾಂಕ್ ನೆರವಿನ ಕೆ-ಶೋರ್ ಯೋಜನೆ, ಒಟ್ಟು 840 ಕೋಟಿ ರೂಪಾಯಿ. ಪ್ಲಾಸ್ಟಿಕ್ ಮಾಲಿನ್ಯ ತಡೆ, ತೀರದ ಪರಿಸರ ಉಳಿಸೋದು, ಜನರ ಜೀವನೋಪಾಯ ಎಲ್ಲ ಇದರಲ್ಲಿದೆ. ಕಾಗದದ ಮೇಲೆ ನೋಡಿದರೆ ಉಳ್ಳಾಲದ ಕಲ್ಲಿಗಿಂತ ಎಷ್ಟೋ ಒಳ್ಳೆಯ ದಿಕ್ಕು. ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ, ನನ್ನದೇ ಲೆಕ್ಕ. ಕಡಲಂಚಿಗೆ ನೂರು ಗ್ರಾಮ ಪಂಚಾಯಿತಿಗಳಿವೆ ಅಂತ ಇಟ್ಟುಕೊಳ್ಳಿ. ಪ್ರತಿಯೊಂದರಲ್ಲೂ ತೀರ ನೋಡಿಕೊಳ್ಳುವ ಇಬ್ಬರು, ತಲಾ ತಿಂಗಳಿಗೆ 25,000. ವರ್ಷಕ್ಕೆ 6 ಲಕ್ಷ. ಅಳತೆಯ ಸಾಮಾನು, ನೀರಿನ ಪರೀಕ್ಷೆ, ಮರಳ ದಿಬ್ಬ ಹಿಡಿದಿಡುವ ಬಳ್ಳಿ-ಗಿಡ ನೆಡೋದು, ವರ್ಷಕ್ಕೆರಡು ಕಡಲ ಗ್ರಾಮಸಭೆ ಇದಕ್ಕೆಲ್ಲ ಇನ್ನು 4 ಲಕ್ಷ. ಪಂಚಾಯಿತಿಗೆ 10 ಲಕ್ಷ, ನೂರಕ್ಕೆ 10 ಕೋಟಿ, ಐದು ವರ್ಷಕ್ಕೆ 50 ಕೋಟಿ. 840 ಕೋಟಿಯ ಮುಂದೆ ಅದು ಶೇ 6. ನೂರಿನ ಬದಲು ನೂರೈವತ್ತು ಇದ್ದರೂ ಶೇ 9. ನೂರು ಊರುಗಳ, ಐದು ವರ್ಷದ, ತಿಂಗಳು ತಿಂಗಳಿನ ಅಳತೆ ಕೈಯಲ್ಲಿದ್ದರೆ ಮುಂದಿನ ಬಾರಿ ಎಲ್ಲಿ ಕಲ್ಲು ಹಾಕಬೇಕು, ಎಲ್ಲಿ ಹಾಕಿದರೆ ದಂಡ ಅಂತ ಹೇಳೋಕೆ ಸಲಹಾ ಸಂಸ್ಥೆಗೆ ಅಷ್ಟು ಕೊಡಬೇಕಾಗಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು, ಪಂಚಾಯಿತಿಯವರು ತಮ್ಮ ಸಂಬಂಧಿಕರನ್ನೇ ತುಂಬಿಕೊಳ್ತಾರೆ. ತುಂಬಿಕೊಳ್ಳಬಹುದು. ಕಡಲಂಚಿನಲ್ಲಿ ಹೋಮ್‌ಸ್ಟೇ ಇರುವ ಸದಸ್ಯನೇ ಸಿಆರ್‌ಝಡ್ ಉಲ್ಲಂಘನೆ ನೋಡಿಕೊಳ್ಳುವ ಸಮಿತಿಯಲ್ಲಿ ಕೂರಬಹುದು. ಇದನ್ನು ತಳ್ಳಿಹಾಕಲ್ಲ. ಆದರೆ ಆ ಸದಸ್ಯನ ಮನೆ ಬಾಗಿಲು ಊರಿಗೆಲ್ಲ ಗೊತ್ತಿರುತ್ತೆ. ಏಳನೇ ಮಹಡಿಯ ಸಹಿ ಯಾರದ್ದು ಅಂತ ಗೊತ್ತಾಗೋಕೆ ಆರ್‌ಟಿಐ ಹಾಕಬೇಕು. ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಮರಳಿಗೆ ಪಂಚಾಯಿತಿಯ ಗಡಿ ಗೊತ್ತಿಲ್ಲ. ಒಂದು ಊರು ತನ್ನ ತೀರ ಉಳಿಸಿಕೊಳ್ಳೋಕೆ ಗ್ರೋಯ್ನ್ ಕೇಳುತ್ತೆ, ಪಕ್ಕದ ಊರು ಮುಳುಗುತ್ತೆ. ಹಾಗಾಗಿ ಒಂದು ಅಳಿವೆಯಿಂದ ಮುಂದಿನ ಅಳಿವೆಯವರೆಗಿನ ಪಂಚಾಯಿತಿಗಳು ಒಟ್ಟಿಗೆ ಕೂರಬೇಕು, ಅವಕ್ಕೆ ಒಬ್ಬ ಎಂಜಿನಿಯರ್ ಬೇಕು, ದೊಡ್ಡ ಕಾಮಗಾರಿಯ ತೀರ್ಮಾನ ಜಿಲ್ಲಾ ಮಟ್ಟದಲ್ಲಿ ಆಗಬೇಕು.

ಜಿಲ್ಲಾ ಮಟ್ಟದಲ್ಲಿ ಅಂದೆ. ಅಲ್ಲಿ ಯಾರಿದ್ದಾರೆ? ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದಿದ್ದು 2016ರಲ್ಲಿ. ಅವಧಿ ಮುಗಿದಿದ್ದು 2021ರಲ್ಲಿ. ಮೂರು ಪಕ್ಷಗಳ ನಾಯಕರೂ ಆಮೇಲೆ ವಿಕೇಂದ್ರೀಕರಣದ ಬಗ್ಗೆ ಭಾಷಣ ಮಾಡಿದ್ದಾರೆ, ಚುನಾವಣೆ ಮಾತ್ರ ಆಗಿಲ್ಲ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಕೊಡಬಹುದಾದ 29 ವಿಷಯಗಳಿವೆ. 5ನೆಯದು ಮೀನುಗಾರಿಕೆ, 29ನೆಯದು ಸಮುದಾಯದ ಆಸ್ತಿಗಳ ನಿರ್ವಹಣೆ. 1983ರಲ್ಲೇ ಕಾಯ್ದೆ ಮಾಡಿ, 1987ರಲ್ಲಿ ಚುನಾವಣೆ ನಡೆಸಿ, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ಐಎಎಸ್ ಅಧಿಕಾರಿಯನ್ನು ಕೈಕೆಳಗೆ ಕೊಟ್ಟ ನಜೀರ್ ಸಾಬರ ರಾಜ್ಯ ಇದು. ಈಗ ಕರಾವಳಿಯ ಮೂರೂ ಜಿಲ್ಲೆಗಳಲ್ಲಿ ಕಡಲಿನ ಬಗ್ಗೆ ಜಿಲ್ಲಾ ಮಟ್ಟದಲ್ಲಿ ತೀರ್ಮಾನ ತೆಗೆದುಕೊಳ್ಳುವ ಯಾರನ್ನೂ ಆ ಜಿಲ್ಲೆಯ ಜನ ಅದಕ್ಕಾಗಿ ಆರಿಸಿಲ್ಲ. ಉಳಿದಿರೋದು ಗ್ರಾಮ ಪಂಚಾಯಿತಿ. ಅವಕ್ಕೆ ಚುನಾವಣೆ ಆಗಿದ್ದು 2020ರ ಡಿಸೆಂಬರ್‌ನಲ್ಲಿ, ಐದು ವರ್ಷದ ಅವಧಿಗೆ.

ಕೆಂಗೇರಿಯವನಾಗಿ ನನಗೆ ಇದು ಬೇರೆ ಊರಿನ ಸಮಸ್ಯೆ ಅನಿಸಲ್ಲ. ಕೆಂಗೇರಿಗೂ ತನ್ನದೇ ಪುರಸಭೆ ಇತ್ತು. 2007ರಲ್ಲಿ ಬಿಬಿಎಂಪಿಗೆ ಸೇರಿಸಿದರು. ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆವತ್ತಿನಿಂದ ನನ್ನ ವಾರ್ಡಿಗೆ ಕಾರ್ಪೊರೇಟರ್ ಇಲ್ಲ. ಈಗ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಬಂದಿವೆ, ಬೋರ್ಡು ಬದಲಾಗಿದೆ. ಈ ವರ್ಷಗಳಲ್ಲಿ ವೃಷಭಾವತಿಯ ದಂಡೆಗೆ ಕಾಂಕ್ರೀಟ್ ತಡೆಗೋಡೆ ಬಂದಿದೆ, ಮೇಲೆ ಜಾಲರಿ ಬಂದಿದೆ. ರಾತ್ರಿ ಹೊತ್ತು ಯಾವ ಕಡೆಯಿಂದ ಯಾವ ಬಣ್ಣದ ನೀರು ಸೇರುತ್ತೆ ಅಂತ ನೋಡಿ ಬರೆಯುವವನಿಗೆ ಇಲ್ಲೂ ಸಂಬಳ ಇಲ್ಲ. ಅಂದಹಾಗೆ ಈ ನೀರೂ ಬೈರಮಂಗಲ ಕೆರೆ, ಅರ್ಕಾವತಿ, ಕಾವೇರಿ ಅಂತ ಹೋಗಿ ಕಡಲನ್ನೇ ಸೇರುತ್ತೆ, ಪೂರ್ವದ ಕಡಲನ್ನು. ಅಲ್ಲಿಯ ಮೀನುಗಾರನಿಗೆ ನನ್ನ ಬಡಾವಣೆಯ ಹೆಸರು ಗೊತ್ತಿರಲಿಕ್ಕಿಲ್ಲ.

ಈ ಲೇಖನಕ್ಕಾಗಿ ಗೆಳೆಯನ ನೋಟ್‌ಬುಕ್ ಕೇಳಿ ತಂದಿದ್ದೇನೆ. ಇನ್ನೂರು ಪುಟದ ಉದ್ದನೆಯ ಪುಸ್ತಕ, ಉಪ್ಪು ಗಾಳಿಗೆ ಪಿನ್ನು ತುಕ್ಕು ಹಿಡಿದಿದೆ. ಒಂದೊಂದು ಸಾಲಿನ ಪಕ್ಕ ಸಣ್ಣ ಅಕ್ಷರದಲ್ಲಿ ಟಿಪ್ಪಣಿ: ‘ಮರಳು ವಾಪಸ್ ಬಂದಿದೆ’, ‘ದಕ್ಷಿಣದ ಕಡೆ ಕಲ್ಲು ಜಾರಿದೆ’, ‘ಮರ 4 ಇಲ್ಲ’. ಕೊನೆಯ ಅಳತೆಯ ಕೆಳಗೆ ಮುಂದಿನ ಅಮಾವಾಸ್ಯೆಯ ದಿನಾಂಕ ಬರೆದು ಐದು ಖಾಲಿ ಗೆರೆ ಎಳೆದಿಟ್ಟಿದ್ದಾನೆ. ಅವನು ಊರಿಗೆ ಹೋಗೋದು ಈಗ ವರ್ಷಕ್ಕೆ ಎರಡು ಸಲ. ಹೋದ ಸಲ ಟೇಪು ತೆಗೆದುಕೊಂಡು ಹೋಗಿದ್ಯಾ ಅಂತ ಕೇಳಿದೆ. ಹೋಗಿದ್ದೆ, ನಾಲ್ಕು ಮರ ಇದೆ ಅಂದ.